'ಹೂಂ ಮೇಡಂ' ಅನ್ನಿಸದ ಹಾಗೆ ಇಂಟರ್‌ವ್ಯೂ ಮಾಡುವುದು ಹೇಗೆ?

ಹುಡುಗ ಮಧುಗಿರಿ ಕಡೆಯವನು. ಐಟಿಐ ಫಿಟ್ಟರ್. ಮಾರ್ಕ್ಸ್ ಕಾರ್ಡ್ ಚೆನ್ನಾಗಿತ್ತು, ಮಾತೂ ಚೆನ್ನಾಗಿತ್ತು. ಕೊನೆಗೆ ನಾನು ಎಲ್ಲರಿಗೂ ಕೇಳುತ್ತಿದ್ದ ಎರಡು ಪ್ರಶ್ನೆ ಕೇಳಿದೆ.

"ಗಾಡಿ ಇದೆ ತಾನೇ? ಗಾಡಿ ಇಲ್ದೆ ಇಲ್ಲಿ ಕಷ್ಟ."

"ಐತೆ ಮೇಡಂ."

"ನೈಟ್ ಶಿಫ್ಟ್ ಪರವಾಗಿಲ್ಲ ಅಲ್ವಾ?"

"ಹೂಂ ಮೇಡಂ, ಪರವಾಗಿಲ್ಲ."

ನಮ್ಮ ಫ್ಯಾಕ್ಟರಿ ವಸಂತನರಸಾಪುರದಲ್ಲಿದೆ. ತುಮಕೂರಿನಿಂದ ಶಿರಾ ಕಡೆ ಹೋಗುವ ಹೆದ್ದಾರಿ ಪಕ್ಕ. ಹಗಲು ಹೇಗೋ ಬಂದುಬಿಡಬಹುದು, ರಾತ್ರಿ ಪಾಳಿಗೆ ಗಾಡಿ ಬೇಕೇ ಬೇಕು. ಹುಡುಗ ಸೇರಿದ ಎರಡನೇ ವಾರ ರಾತ್ರಿ ಪಾಳಿ ಬಿತ್ತು. ಎರಡು ದಿನ ನಾಪತ್ತೆ. ಮೂರನೇ ದಿನ ಫೋನ್ ಎತ್ತಿದ. ಗಾಡಿ ಅವನ ಚಿಕ್ಕಪ್ಪನದು. ಚಿಕ್ಕಪ್ಪ ಬೆಳಗಿನ ಜಾವ ಡೇರಿಗೆ ಹಾಲು ಹಾಕಲು ಅದರಲ್ಲೇ ಹೋಗಬೇಕು.

"ಗಾಡಿ ಇದೆ ಅಂದಿದ್ರಲ್ಲ?" ಅಂದೆ.

"ಇಲ್ದೆ ಕಷ್ಟ ಅಂದ್ರಲ್ಲ ಮೇಡಂ, ಅದಕ್ಕೇ ಐತೆ ಅಂದೆ."

ಬೈಯಲು ಬಾಯಿ ತೆರೆದವಳು ಸುಮ್ಮನಾದೆ. ಅವನು ಹೇಳಿದ್ದು ಸುಳ್ಳೇ. ಆದರೆ ಆ ಸುಳ್ಳನ್ನು ಬರೆದುಕೊಟ್ಟವಳು ನಾನು, ಅವನು ಓದಿದ ಅಷ್ಟೇ. ಅವತ್ತು ಮಧ್ಯಾಹ್ನ ಊಟದ ಡಬ್ಬಿ ಪಕ್ಕದಲ್ಲೇ ನನ್ನ ಪ್ರಶ್ನೆಗಳ ಹಾಳೆ ಹರಡಿಕೊಂಡು ಕೂತೆ. ಹದಿನಾರು ಪ್ರಶ್ನೆ ಇದ್ದವು. ಹತ್ತು ಪ್ರಶ್ನೆಗಳಲ್ಲಿ ಉತ್ತರವೂ ಒಳಗೇ ಇತ್ತು.

ಅಲ್ಲಿಂದ ಇಲ್ಲಿಯವರೆಗೆ ಆ ಹಾಳೆ ತುಂಬ ಬದಲಾಗಿದೆ. ಏನೇನು ಬದಲಾಯಿಸಿದೆ, ಯಾವುದು ಕೆಲಸ ಮಾಡಿತು ಅಂತ ಇಲ್ಲಿ ಬರೆಯುತ್ತಿದ್ದೇನೆ. ದೊಡ್ಡ ಕಂಪನಿಗಳಿಗೆ ಇದೆಲ್ಲ ಬೇಕಿಲ್ಲ, ಅವರಿಗೆ ಅವರದೇ ಏರ್ಪಾಡು ಇರುತ್ತದೆ. ಹಿರೇಹಳ್ಳಿಯಲ್ಲೋ ಅಂತರಸನಹಳ್ಳಿಯಲ್ಲೋ ಮೂವತ್ತು ಜನರ ಘಟಕ ನಡೆಸುವವರು, ಬಿ.ಎಚ್. ರಸ್ತೆಯಲ್ಲಿ ಶೋರೂಂ ಇಟ್ಟವರು, ಖಾಸಗಿ ಶಾಲೆಯ ಮುಖ್ಯಸ್ಥರು, 'ನಾಳೆ ನೀನೂ ಇಂಟರ್‌ವ್ಯೂಗೆ ಕೂತ್ಕೋ' ಅಂತ ದಿಢೀರನೆ ಹೇಳಿಸಿಕೊಂಡ ಸೂಪರ್‌ವೈಸರ್‌ಗಳು, ಇವರಿಗಾಗಿ ಇದು.

ಹೆಜ್ಜೆ 1: ಹಳೇ ಪ್ರಶ್ನೆಗಳ ಮೇಲೆ ಕೆಂಪು ಪೆನ್ನು ಆಡಿಸಿ

ನಿಮ್ಮ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ತಲೆಯಲ್ಲಿದೆ ಅನ್ನಬೇಡಿ, ಬರೆಯಿರಿ. ಆಮೇಲೆ ಒಂದೊಂದನ್ನೂ ಹೀಗೆ ನೋಡಿ: ಕೆಲಸ ಬೇಕೇ ಬೇಕು ಅಂತ ಬಂದವರು ಇದಕ್ಕೆ ಯೋಚನೆಯನ್ನೇ ಮಾಡದೆ ಏನು ಹೇಳುತ್ತಾರೆ? ಹತ್ತು ಜನರೂ ಒಂದೇ ಮಾತು ಹೇಳುವುದಾದರೆ ಆ ಪ್ರಶ್ನೆ ದಂಡ. ಹೊಡೆದುಹಾಕಿ.

'ಟ್ಯಾಲಿ ಗೊತ್ತಾ?' ಗೊತ್ತು. 'ಒತ್ತಡ ತಡ್ಕೋತೀರಾ?' ತಡ್ಕೋತೀನಿ. 'ಎಲ್ಲರ ಜೊತೆ ಹೊಂದ್ಕೊಂಡು ಹೋಗ್ತೀರಾ?' ಹೋಗ್ತೀನಿ. ಜಗಳಗಂಟರೂ ಇದನ್ನೇ ಹೇಳುತ್ತಾರೆ. 'ನಿಮ್ಮ ವೀಕ್‌ನೆಸ್ ಏನು?' ಅನ್ನುವುದಕ್ಕೆ 'ಕೆಲಸ ಶುರು ಮಾಡಿದ್ರೆ ಊಟನೂ ಮರ್ತುಬಿಡ್ತೀನಿ ಮೇಡಂ' ಅನ್ನುವ ಉತ್ತರವನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಎಲ್ಲರೂ ಅದೇ ಯೂಟ್ಯೂಬ್ ವಿಡಿಯೋ ನೋಡಿ ಬಂದಿರುತ್ತಾರೆ.

ಪ್ರಶ್ನೆಯ ಬಾಲವನ್ನೂ ನೋಡಿ. ನಮ್ಮ ಕನ್ನಡದಲ್ಲಿ 'ಅಲ್ವಾ', 'ತಾನೇ' ಅನ್ನುವ ಎರಡು ಬಾಲಗಳಿವೆ. 'ಭಾನುವಾರ ಬರೋಕೆ ತೊಂದ್ರೆ ಇಲ್ಲ ತಾನೇ?' ಅಂದರೆ ನೀವು ಕೇಳುತ್ತಿಲ್ಲ, ಒಪ್ಪಿಸುತ್ತಿದ್ದೀರಿ. ಮೇಜಿನ ಈಚೆ ಕೂತವರು 'ತಾನೇ' ಅಂದಾಗ ಆಚೆ ಕೂತವರು 'ಇಲ್ಲ, ತೊಂದ್ರೆ ಇದೆ' ಅನ್ನಬೇಕಾದರೆ ಎದೆಗಾರಿಕೆ ಬೇಕು. ಕೆಲಸ ಇಲ್ಲದೆ ಆರು ತಿಂಗಳಾದವರಿಗೆ ಅದು ಎಲ್ಲಿಂದ ಬರಬೇಕು?

ಹೌದು-ಇಲ್ಲ ಪ್ರಶ್ನೆಗಳ ಬಗ್ಗೆ ಒಂದು ಪ್ರಯೋಗ ಓದಿದ್ದೆ, 2013ರದು, ಅಮೆರಿಕದ್ದು. ಜೇಸನ್ ಡಾನಾ ಮತ್ತು ಜೊತೆಗಾರರು ಮಾಡಿದ್ದು. ವಿದ್ಯಾರ್ಥಿಗಳಿಂದ ವಿದ್ಯಾರ್ಥಿಗಳಿಗೇ ಸಂದರ್ಶನ ಮಾಡಿಸಿದರು. ಉತ್ತರ ಹೇಳುವವರಲ್ಲಿ ಕೆಲವರಿಗೆ, ನಿಜ ಏನೇ ಇರಲಿ, ಹೌದು-ಇಲ್ಲ ಅನ್ನುವುದನ್ನು ಲಾಟರಿ ಎತ್ತಿದ ಹಾಗೆ ಹೇಳಿ ಅಂತ ಮೊದಲೇ ಹೇಳಿಕೊಟ್ಟಿದ್ದರು. ಪ್ರಶ್ನೆ ಕೇಳಿದವರಿಗೆ ಅದು ಗೊತ್ತೇ ಆಗಲಿಲ್ಲ. ಎದುರಿಗಿದ್ದವರನ್ನು ಚೆನ್ನಾಗಿ ಅರ್ಥ ಮಾಡಿಕೊಂಡೆವು ಅನ್ನುವ ಧೈರ್ಯ ಮಾತ್ರ ಕಡಿಮೆಯಾಗಲಿಲ್ಲ. 'ನಂಗೆ ಐದು ನಿಮಿಷ ಸಾಕು, ಮನುಷ್ಯ ಎಂಥವನು ಅಂತ ಹೇಳ್ಬಿಡ್ತೀನಿ' ಅನ್ನುವ ಯಜಮಾನರು ನಿಮ್ಮಲ್ಲೂ ಇದ್ದರೆ ಇದನ್ನು ಅವರಿಗೆ ಹೇಳಿ ನೋಡಿ. ನಾನು ಹೇಳಿದ್ದೆ. ನಂಬಲಿಲ್ಲ.

ಹೆಜ್ಜೆ 2: ನಿಮ್ಮ ಕಡೆಯ ಕಷ್ಟ ಮೊದಲು ಹೇಳಿಬಿಡಿ

ನಾವು ಸುಳ್ಳು ಹೇಳಿಕೊಂಡು ಅವರಿಂದ ನಿಜ ಕೇಳಿದರೆ ಹೇಗೆ? ಕೆಲಸದಲ್ಲಿ ಬೇಜಾರಿನದು ಏನಿದೆಯೋ ಅದನ್ನು ಮೊದಲ ಐದು ನಿಮಿಷದಲ್ಲೇ ಹೇಳಿ. ನಾನು ಈಗ ಹೇಳುವುದು ಹೀಗೆ: "ಏಪ್ರಿಲ್, ಮೇನಲ್ಲಿ ಶೆಡ್ ಒಳಗೆ ಸೆಖೆ ಜಾಸ್ತಿ. ಮೂರು ಪಾಳಿ, ವಾರ ವಾರ ಬದಲಾಗುತ್ತೆ. ಪಿಎಫ್, ಇಎಸ್‌ಐ ಹಿಡಿದ ಮೇಲೆ ಕೈಗೆ ಬರೋದು ಇಷ್ಟು. ಮೊದಲ ತಿಂಗಳಲ್ಲೇ ಬಿಟ್ಟು ಹೋದವರೂ ಇದ್ದಾರೆ."

ಇಷ್ಟು ಹೇಳಿದ ಮೇಲೆ ಕೆಲವರು ಅಲ್ಲೇ 'ಯೋಚನೆ ಮಾಡ್ತೀನಿ ಮೇಡಂ' ಅಂತ ಎದ್ದುಬಿಡುತ್ತಾರೆ. ಮೊದಮೊದಲು ಮ್ಯಾನೇಜರ್‌ಗೆ ಕೋಪ ಬರುತ್ತಿತ್ತು, 'ಬಂದವರನ್ನು ನೀವೇ ಓಡಿಸ್ತೀರಲ್ರೀ' ಅಂತ. ಇಂಟರ್‌ವ್ಯೂನಲ್ಲಿ ಎದ್ದು ಹೋದರೆ ಖರ್ಚು ಒಂದು ಟೀ. ಸೇಫ್ಟಿ ಶೂ ಕೊಟ್ಟು, ಐಡಿ ಮಾಡಿಸಿ, ಮೂರು ವಾರ ಕಲಿಸಿದ ಮೇಲೆ ಹೋದರೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಹೆಜ್ಜೆ 3: ತೊಂದರೆ ಇದ್ದೇ ಇರುತ್ತೆ ಅಂತ ಹಿಡಿದುಕೊಂಡು ಕೇಳಿ

ಇದರಲ್ಲೇ ಮುಕ್ಕಾಲು ಪಾಲು ಗುಟ್ಟು ಇದೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹಳೇ ಬೈಕ್ ಕೊಳ್ಳಲು ಹೋಗಿದ್ದೀರಿ ಅಂದುಕೊಳ್ಳಿ. 'ಗಾಡಿ ಬಗ್ಗೆ ಹೇಳಿ' ಅಂದರೆ ಮಾರುವವನು ಮೈಲೇಜು, ಹೊಸ ಟೈರು ಅಂತ ಹಾಡುತ್ತಾನೆ. 'ಪ್ರಾಬ್ಲಂ ಏನೂ ಇಲ್ಲ ಅಲ್ವಾ?' ಅಂದರೆ 'ಛೆ, ಏನೂ ಇಲ್ಲ' ಅನ್ನುತ್ತಾನೆ. 'ಇದರಲ್ಲಿ ಏನೇನು ರಿಪೇರಿ ಇದೆ?' ಅಂತ ಕೇಳಿದರೆ? ಒಂದು ಗಳಿಗೆ ತಡೆದು, 'ಕ್ಲಚ್ ಪ್ಲೇಟ್ ಒಂದು ನೋಡಿಸ್ಬೇಕು' ಅನ್ನುವ ಸಾಧ್ಯತೆ ಜಾಸ್ತಿ. ಯಾಕೆಂದರೆ ಆ ಪ್ರಶ್ನೆ, ಕೇಳುವವರಿಗೆ ವಿಷಯ ಗೊತ್ತಿದೆ, ಅವರು ಸುಮ್ಮನೆ ಬಿಡುವವರಲ್ಲ ಅಂತ ತಿಳಿಸುತ್ತದೆ. ಇನ್ನೊಂದು ಕಾರಣವೂ ಇದೆ. ರಿಪೇರಿ ಇರುವುದು ಸಹಜ ಅಂತ ನೀವೇ ಒಪ್ಪಿಕೊಂಡಿದ್ದೀರಿ, ಹಾಗಾಗಿ ಹೇಳಿದರೆ ಅವನ ಮರ್ಯಾದೆ ಹೋಗುವುದಿಲ್ಲ. ಜೂಲಿಯಾ ಮಿನ್ಸನ್ ಮತ್ತು ಜೊತೆಗಾರರು 2018ರಲ್ಲಿ ಪ್ರಕಟಿಸಿದ ಸಂಶೋಧನೆ ಇದನ್ನೇ ತೋರಿಸಿತು. ತೊಂದರೆ ಇದೆ ಅಂತ ಊಹಿಸಿ ಕೇಳಿದ ಪ್ರಶ್ನೆಗೆ, ತೊಂದರೆ ಇಲ್ಲ ಅಂತ ಊಹಿಸಿ ಕೇಳಿದ್ದಕ್ಕಿಂತ ನಿಜ ಜಾಸ್ತಿ ಬಂತು.

ಈಗ ಇಂಟರ್‌ವ್ಯೂಗೆ ಬನ್ನಿ. 'ಗಾಡಿ ಇದೆ ತಾನೇ?' ಅನ್ನುವುದನ್ನು ನಾನು ಹೀಗೆ ಮಾಡಿದೆ: "ರಾತ್ರಿ ಪಾಳಿಗೆ ಬರೋದು ಎಲ್ಲರಿಗೂ ಒಂದಲ್ಲ ಒಂದು ಕಷ್ಟ ಇರುತ್ತೆ. ನಿಮಗೆ ಯಾವ ದಿನ, ಯಾಕೆ ಕಷ್ಟ ಆಗಬಹುದು?" ಮೊದಲ ಸಲ ಇದನ್ನು ಕೇಳಿದ್ದು ಕೊರಟಗೆರೆ ಕಡೆಯ ಹುಡುಗನಿಗೆ. ಒಂದು ಕ್ಷಣ ನನ್ನ ಮುಖ ನೋಡಿದ. ಇದು ಬಲೆಯೋ ಏನೋ ಅಂತ. ಆಮೇಲೆ ಹೇಳಿದ: "ಸೋಮವಾರ ಮೇಡಂ. ಅವ್ವಂಗೆ ಡಯಾಲಿಸಿಸ್ ಐತೆ. ಬೆಳಿಗ್ಗೆನೇ ಕರ್ಕೊಂಡ್ ಹೋಗ್ಬೇಕು." ಡಯಾಲಿಸಿಸ್ ವಾರಕ್ಕೆ ಒಂದೇ ಸಲ ಇರಲಿಲ್ಲ. ಗುರುವಾರ ಅವನ ತಂಗಿ ಕರೆದುಕೊಂಡು ಹೋಗುತ್ತಿದ್ದಳು. ನಾವು ಅವನಿಗೆ ಭಾನುವಾರದ ರಾತ್ರಿ ಪಾಳಿ ಹಾಕಲಿಲ್ಲ, ಅಷ್ಟೇ. ಹಳೇ ಪ್ರಶ್ನೆ ಕೇಳಿದ್ದರೆ 'ಪರವಾಗಿಲ್ಲ' ಅಂದು ಸೇರಿ, ಎರಡನೇ ಸೋಮವಾರ ಗೈರುಹಾಜರಾಗಿ, ಕೆಟ್ಟ ಹೆಸರು ತಗೊಂಡಿರುತ್ತಿದ್ದ.

ತುಮಕೂರಿನ ಎಲ್ಲ ಮಾಲೀಕರೂ ಕೇಳುವ ಇನ್ನೊಂದು ಪ್ರಶ್ನೆ ಇದೆ. 'ಬೆಂಗಳೂರಲ್ಲಿ ಕೆಲಸ ಸಿಕ್ಕಿದ್ರೆ ಬಿಟ್ಟು ಹೋಗ್ತೀರಾ?' ಎಪ್ಪತ್ತು ಕಿಲೋಮೀಟರ್ ದೂರದಲ್ಲಿ ಬೆಂಗಳೂರು ಇಟ್ಟುಕೊಂಡು, ಬೆಳಗಿನ ಟ್ರೇನು ತುಂಬಿ ತುಳುಕುವುದನ್ನು ದಿನಾ ನೋಡುತ್ತಾ, ಈ ಪ್ರಶ್ನೆ ಕೇಳುವ ನಮಗೆ ಏನು ಹೇಳಬೇಕು? ಉತ್ತರ ಗ್ಯಾರಂಟಿ: 'ಇಲ್ಲ ಸಾರ್, ಊರಲ್ಲೇ ಇರಬೇಕು ಅಂತ ಆಸೆ.' ಈಗ ನಾನು ಕೇಳುವುದು: "ನಮ್ಮಲ್ಲಿ ಸೇರಿದವರಲ್ಲಿ ಸುಮಾರು ಜನ ಮುಂದೆ ಬೆಂಗಳೂರಿಗೆ ಹೋಗಿದ್ದಾರೆ, ತಪ್ಪೇನಿಲ್ಲ. ನೀವು ಹೋಗೋದಾದರೆ ಯಾವ ಕಾರಣಕ್ಕೆ ಹೋಗ್ತೀರಾ?" ಸಂಬಳ ಅನ್ನುತ್ತಾರೆ, ಡಿಪ್ಲೊಮಾ ಮುಗಿಸಬೇಕು ಅನ್ನುತ್ತಾರೆ, ಒಬ್ಬಳು 'ಇಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಅದೇ ಬೇಜಾರು' ಅಂದಳು. ಆ ಮಾತಿಗೆ ನಾನೂ ನಕ್ಕೆ. ಇದರಿಂದ ಯಾರು ಎಷ್ಟು ದಿನ ಇರುತ್ತಾರೆ ಅನ್ನುವ ಅಂದಾಜು ಸಿಗುತ್ತದೆ. ಎರಡು ವರ್ಷ ಇದ್ದು ಹೋಗುವವರಿಗೆ ಯಾವ ಕೆಲಸ ಕೊಡಬೇಕು, ಯಾವುದನ್ನು ಕೊಡಬಾರದು ಅಂತಲೂ ತಿಳಿಯುತ್ತದೆ.

ಒಂದು ಷರತ್ತು ಇದೆ. ಹೀಗೆ ಕೇಳಿ, ನಿಜ ಹೇಳಿದವರನ್ನೇ ಹೊರಗಿಟ್ಟರೆ ಮೂರು ತಿಂಗಳಲ್ಲಿ ಊರಿಗೆಲ್ಲ ಗೊತ್ತಾಗುತ್ತದೆ. 'ಆ ಮೇಡಂ ನೈಸಾಗಿ ಕೇಳ್ತಾರೆ, ಬಾಯಿ ಬಿಡಬೇಡ' ಅಂತ ಐಟಿಐ ಗೇಟಿನಲ್ಲೇ ಹೇಳಿ ಕಳಿಸುತ್ತಾರೆ. ಉತ್ತರ ಕೇಳಿ ಸರಿಹೊಂದಿಸಿಕೊಳ್ಳಲು ನಿಮ್ಮಿಂದ ಆಗದಿದ್ದರೆ ಕೇಳಲೇಬೇಡಿ. 'ರಾತ್ರಿ ಪಾಳಿ ಕಡ್ಡಾಯ, ಬದಲಾಯಿಸಲು ಆಗಲ್ಲ' ಅಂತ ಹೇಳಿ ಮುಗಿಸಿ.

ಇಲ್ಲೇ ಮೂರು ಪದಗಳ ಅರ್ಥವನ್ನೂ ಹೇಳಿಬಿಡುತ್ತೇನೆ, ನಿಘಂಟಿನಲ್ಲಿ ಸಿಗುವುದಿಲ್ಲ. 'ಪರವಾಗಿಲ್ಲ' ಅಂದರೆ ಇಷ್ಟವಿಲ್ಲ. 'ಅಡ್ಜಸ್ಟ್ ಮಾಡ್ಕೋತೀನಿ' ಅಂದರೆ ತೊಂದರೆ ಇದೆ, ಆದರೆ ಈಗ ಹೇಳಲ್ಲ. 'ಮನೇಲಿ ಕೇಳ್ಬೇಕು' ಅಂದರೆ ಬಹುಪಾಲು ಬರುವುದಿಲ್ಲ. ಇವು ಕಿವಿಗೆ ಬಿದ್ದ ತಕ್ಷಣ ಮುಂದಿನ ಪ್ರಶ್ನೆಗೆ ಹಾರಬೇಡಿ. 'ಏನು ಅಡ್ಜಸ್ಟ್ ಮಾಡ್ಕೋಬೇಕಾಗುತ್ತೆ?' ಅಂತ ಮೆತ್ತಗೆ ಕೇಳಿ, ಸುಮ್ಮನಿರಿ.

ಹೆಜ್ಜೆ 4: ಮುಂದಿನದು ಬೇಡ, ಆಗಿಹೋದದ್ದು ಕೇಳಿ

'ಮೆಷಿನ್ ಕೆಟ್ಟು ನಿಂತರೆ ಏನು ಮಾಡ್ತೀರಾ?' ಅನ್ನುವುದಕ್ಕೆ ಕಲ್ಪನೆ ಸಾಕು. 'ಕೊನೇ ಸಲ ಮೆಷಿನ್ ನಿಂತಾಗ ನೀವು ಏನು ಮಾಡಿದ್ರಿ?' ಅನ್ನುವುದಕ್ಕೆ ನೆನಪು ಬೇಕು. ಕಲ್ಪನೆಯಲ್ಲಿ ಎಲ್ಲರೂ ಶೂರರು. ಗ್ಯಾರಿ ಲೇಥಮ್ ಮತ್ತು ಜೊತೆಗಾರರು 1980ರಲ್ಲಿ ಮೊದಲನೇ ಬಗೆಯ ಪ್ರಶ್ನೆಗಳ ಮೇಲೆ, ಟಾಮ್ ಜಾಂಜ್ 1982ರಲ್ಲಿ ಎರಡನೇ ಬಗೆಯ ಮೇಲೆ ಬರೆದರು. ಎರಡಕ್ಕೂ ಉಪಯೋಗ ಇದೆ. ಆದರೆ ಸುಳ್ಳಿನ ವಿಷಯಕ್ಕೆ ಬಂದರೆ ನನ್ನ ಮತ ಎರಡನೆಯದಕ್ಕೆ.

ಹಾಗಂತ ಅಗೆದು ಅಗೆದು ಕೇಳಿದರೆ ನಿಜ ಬರುತ್ತದೆ ಅಂದುಕೊಳ್ಳಬೇಡಿ. ನಾನೂ ಹಾಗೇ ಅಂದುಕೊಂಡಿದ್ದೆ. ಜೂಲಿಯಾ ಲೆವಾಶಿನಾ ಮತ್ತು ಮೈಕೆಲ್ ಕ್ಯಾಂಪಿಯನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳಲ್ಲಿ ಶೇ 90ಕ್ಕಿಂತ ಜಾಸ್ತಿ ಜನ ಇಂಟರ್‌ವ್ಯೂಗಳಲ್ಲಿ ಒಂದಲ್ಲ ಒಂದು ರೀತಿ ಬಣ್ಣ ಹಚ್ಚಿದ್ದರು. ಅಪ್ಪಟ ಸುಳ್ಳಿನ ಹತ್ತಿರಕ್ಕೆ ಹೋದವರು ಅದಕ್ಕಿಂತ ಕಡಿಮೆ. ಆಗಿಹೋದದ್ದರ ಬಗ್ಗೆ ಕೇಳಿದಾಗ ಬಣ್ಣ ಕಡಿಮೆಯಾಯಿತು. ಆದರೆ ಮೇಲಿಂದ ಮೇಲೆ ಉಪಪ್ರಶ್ನೆ ಹಾಕಿದಾಗ ಬಣ್ಣ ಜಾಸ್ತಿಯೇ ಆಯಿತು! ಯೋಚಿಸಿದರೆ ಸರಿ ಅನ್ನಿಸುತ್ತದೆ. ಒಂದು ಸಣ್ಣ ಉತ್ಪ್ರೇಕ್ಷೆ ಹೇಳಿದವರನ್ನು 'ಆಮೇಲೆ? ಆಮೇಲೆ?' ಅಂತ ದಬ್ಬಿದರೆ, ಮೊದಲ ಸುಳ್ಳಿಗೆ ಇನ್ನೆರಡು ಸುಳ್ಳು ಊರುಗೋಲು ಕೊಡಬೇಕಾಗುತ್ತದೆ. ಅದಕ್ಕೇ ನಾನು ಎರಡೇ ಉಪಪ್ರಶ್ನೆ ಇಟ್ಟುಕೊಂಡಿದ್ದೇನೆ. 'ಅದರಲ್ಲಿ ನಿಮ್ಮ ಪಾಲಿನ ಕೆಲಸ ಯಾವುದು?' 'ಅವತ್ತು ಜೊತೆಗೆ ಯಾರಿದ್ರು?' ಸಾಕು.

ಹೊಸಬರಿಗೆ ಆಗಿಹೋದದ್ದು ಎಲ್ಲಿರುತ್ತದೆ ಅಂತ ಕೇಳುತ್ತಾರೆ. ಇರುತ್ತದೆ ಸ್ವಾಮಿ, ಬೇಕಾದಷ್ಟು. ಬೋರ್‌ವೆಲ್ ಮೋಟಾರ್ ಸುಟ್ಟಾಗ ಮೇಲೆತ್ತಿದವರಿದ್ದಾರೆ. ಹಾಸ್ಟೆಲ್ ಮೆಸ್ ಲೆಕ್ಕ ನೋಡಿಕೊಂಡವರಿದ್ದಾರೆ. ಸಿದ್ಧಗಂಗೆ ಜಾತ್ರೆಯಲ್ಲಿ ದಾಸೋಹಕ್ಕೆ ನಿಂತು ಬಡಿಸಿದವರಿದ್ದಾರೆ. 'ಗಣೇಶನ ಹಬ್ಬದ ಕಲೆಕ್ಷನ್ ದುಡ್ಡು ಕಡಿಮೆ ಬಿದ್ದಾಗ ಏನು ಮಾಡಿದ್ರಿ?' ಅಂತ ಕೇಳಿ ನೋಡಿ. ಲೆಕ್ಕದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಗೊತ್ತಿಲ್ಲ.

ಹೆಜ್ಜೆ 5: ನೋಡಬಹುದಾದ್ದನ್ನು ಕೇಳಬೇಡಿ

ಫಿಟ್ಟರ್‌ಗೆ 'ವರ್ನಿಯರ್ ಓದೋಕೆ ಬರುತ್ತಾ?' ಅಂತ ಕೇಳುವುದನ್ನು ನಿಲ್ಲಿಸಿದೆ. ಮೇಜಿನ ಮೇಲೆ ವರ್ನಿಯರ್ ಕ್ಯಾಲಿಪರ್ ಒಂದು, ತಿರುಗಿಸಿದ ಶಾಫ್ಟಿನ ತುಂಡು ಒಂದು ಇಡುತ್ತೇನೆ. 'ಇದರ ಅಳತೆ ಹೇಳಿ' ಅಷ್ಟೇ. ನನಗೇ ಓದಲು ಬರುತ್ತಿರಲಿಲ್ಲ, ನಮ್ಮ ಟೂಲ್ ರೂಮ್ ಮೇಸ್ತ್ರಿ ಕಲಿಸಿದರು. ಜೊತೆಗೆ ಇನ್ನೊಂದು ಹೇಳಿಕೊಟ್ಟರು: "ಅಳತೆ ನೋಡೋಕೆ ಮುಂಚೆ ಕೈ ನೋಡಿ ಮೇಡಂ."

ಅವರು ಹೇಳಿದ್ದು ಏನು ಅಂತ ಒಬ್ಬ ಹುಡುಗ ತೋರಿಸಿದ. ರೆಸ್ಯೂಮ್‌ನಲ್ಲಿ ಅಂಥದ್ದೇನೂ ಇರಲಿಲ್ಲ. ಮಾತು ಕೂಡ ತಡವರಿಸುತ್ತಿತ್ತು. ಕ್ಯಾಲಿಪರ್ ಎತ್ತಿಕೊಂಡವನು ಮೊದಲು ಎರಡೂ ದವಡೆಗಳನ್ನು ಅಂಗಿಯ ತುದಿಯಲ್ಲಿ ಒರೆಸಿದ. ಪೂರ್ತಿ ಮುಚ್ಚಿದ. ಕಿಟಕಿ ಕಡೆ ತಿರುಗಿಸಿ ಹಿಡಿದು, ನಡುವೆ ಬೆಳಕು ತೂರುತ್ತಿದೆಯಾ ನೋಡಿದ. ಸೊನ್ನೆಗೆ ಸೊನ್ನೆ ಕೂತಿದೆಯಾ ಅಂತ ಕಣ್ಣು ಕಿರಿದು ಮಾಡಿ ನೋಡಿದ. ಆಮೇಲೇ ಶಾಫ್ಟು ಹಿಡಿದದ್ದು. ಎರಡು ಕಡೆ ಅಳೆದು, 0.02 ಮಿಲಿಮೀಟರ್ ವ್ಯತ್ಯಾಸ ಇದೆ ಅಂದ. ಇದನ್ನೆಲ್ಲ ಬಾಯಿಮಾತಿನಲ್ಲಿ ಯಾವ ಪ್ರಶ್ನೆ ಕೇಳಿ ತಿಳಿಯಬೇಕಿತ್ತು?

ಅಕೌಂಟ್ಸ್‌ಗೂ ಹೀಗೇ. ಐದು ಖರೀದಿ ಬಿಲ್ ಮತ್ತು ಒಂದು ಜಿಎಸ್‌ಟಿಆರ್-2ಬಿ (ನಮಗೆ ಮಾರಿದವರು ಜಿಎಸ್‌ಟಿಗೆ ತೋರಿಸಿದ ಬಿಲ್‌ಗಳ ಪಟ್ಟಿ) ಪ್ರಿಂಟ್ ಕೊಡಿ, ಒಂದು ಬಿಲ್ ಅದರಲ್ಲಿ ಇಲ್ಲದ ಹಾಗೆ. ತಾಳೆ ನೋಡಲು ಹೇಳಿ. ಕೆಲಸ ಮಾಡಿದವರು ಹದಿನೈದು ನಿಮಿಷದಲ್ಲಿ 'ಇದು ಬಂದಿಲ್ಲ, ಪಾರ್ಟಿಗೆ ಫೋನ್ ಮಾಡ್ಬೇಕು' ಅನ್ನುತ್ತಾರೆ. ಶಾಲೆಯವರು ಹತ್ತು ನಿಮಿಷ ಪಾಠ ಮಾಡಿಸಿ, ಸುಮ್ಮನೆ ಕೂತ ಮೇಷ್ಟ್ರುಗಳ ಮುಂದಲ್ಲ, ನಿಜವಾದ ಮಕ್ಕಳ ಮುಂದೆ.

ಹೆಜ್ಜೆ 6: ಕೆಲವನ್ನು ಕೇಳಲೇಬಾರದು

ನನ್ನ ಕಥೆ ಹೇಳಿಬಿಡುತ್ತೇನೆ. ಡಿಗ್ರಿ ಮುಗಿಸಿ ಬೆಂಗಳೂರಿನಲ್ಲಿ ಒಂದು ಕಡೆ ಇಂಟರ್‌ವ್ಯೂಗೆ ಹೋಗಿದ್ದೆ. ಎಲ್ಲ ಮುಗಿದ ಮೇಲೆ ಅಲ್ಲಿನ ಹಿರಿಯರು ಕುರ್ಚಿಗೆ ಒರಗಿ, "ಮದುವೆ ಯಾವಾಗಮ್ಮಾ? ಈಗಲೇ ಇಲ್ಲ ತಾನೇ?" ಅಂದರು. "ಇಲ್ಲ ಸಾರ್, ಸದ್ಯಕ್ಕೆ ಯೋಚನೆನೇ ಇಲ್ಲ" ಅಂದೆ. ಅವತ್ತಿಗೆ ನನ್ನ ಲಗ್ನಪತ್ರಿಕೆ ತುಮಕೂರಿನ ಪ್ರೆಸ್‌ನಲ್ಲಿ ಅಚ್ಚಾಗುತ್ತಿತ್ತು. ಕೆಲಸ ಸಿಕ್ಕಿತು. ಮೂರು ವಾರಕ್ಕೆ ರಜೆ ಕೇಳಿದಾಗ ಅವರು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಅಲ್ಲಿದ್ದಷ್ಟು ದಿನ ನಾನು 'ಸುಳ್ಳು ಹೇಳಿ ಸೇರಿದವಳು'. ಕೇಳಬಾರದ್ದನ್ನು ಕೇಳಿದ ಅವರು ಮಾತ್ರ ಏನೂ ಆಗಲಿಲ್ಲ.

1991ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಂಥದ್ದೇ ಒಂದು ಪ್ರಕರಣ ಬಂದಿತ್ತು. ಜೀವ ವಿಮಾ ನಿಗಮ ಕೆಲಸಕ್ಕೆ ಸೇರುವ ಹೆಂಗಸರಿಂದ ತುಂಬಿಸಿಕೊಳ್ಳುತ್ತಿದ್ದ ಫಾರಂನಲ್ಲಿ ಮುಟ್ಟಿನ ದಿನಗಳು, ಬಸಿರು, ಹೆರಿಗೆ ಎಲ್ಲದರ ವಿವರ ಕೇಳಿದ್ದರು. ಒಬ್ಬ ಹೆಣ್ಣುಮಗಳು ಬಸಿರು ಮುಚ್ಚಿಟ್ಟಳು ಅಂತ ಕೆಲಸದಿಂದ ತೆಗೆದರು. ಕೋರ್ಟು ಆಕೆಯನ್ನು ಮತ್ತೆ ಕೆಲಸಕ್ಕೆ ತಗೊಳ್ಳಿ ಅಂತು. ಅದಕ್ಕಿಂತ ಮುಖ್ಯವಾಗಿ, ತೊಂದರೆ ಇರುವುದೇ ಆ ಫಾರಂನಲ್ಲಿ, ಹೆಣ್ಣುಮಕ್ಕಳು ಇಂಥದ್ದಕ್ಕೆ ಉತ್ತರ ಕೊಡಲು ನಾಚುತ್ತಾರೆ, ಆ ಕಾಲಂಗಳನ್ನೇ ತೆಗೆದುಹಾಕಿ ಅಂತ ಹೇಳಿತು. ಮಧುಗಿರಿ ಹುಡುಗನಿಂದ ನನಗೆ ತಿಳಿದದ್ದನ್ನು ನ್ಯಾಯಾಧೀಶರು ಎಷ್ಟೋ ವರ್ಷ ಮೊದಲೇ ಬರೆದಿಟ್ಟಿದ್ದರು.

ಹೆಣ್ಣು ಅನ್ನುವ ಕಾರಣಕ್ಕೆ ನೇಮಕಾತಿಯಲ್ಲಿ ಭೇದ ಮಾಡಬಾರದು ಅನ್ನುವುದು 1976ರಿಂದಲೂ ನಮ್ಮ ಕಾನೂನಿನಲ್ಲಿದೆ. 2017ರಲ್ಲಿ ಹೆರಿಗೆ ರಜೆ 26 ವಾರ ಆಯಿತು. ಆ ಖರ್ಚಿನ ಹೆದರಿಕೆಯೇ 'ಮದುವೆ ಯಾವಾಗ' ಅನ್ನುವ ಪ್ರಶ್ನೆಯ ಬೇರು ಅಂತ ಎಲ್ಲರಿಗೂ ಗೊತ್ತು. ಗೊತ್ತಿದ್ದೇ ಹೆಣ್ಣುಮಕ್ಕಳು ಸುಳ್ಳು ಹೇಳುತ್ತಾರೆ. ಹೇಳಲಿ ಬಿಡಿ.

ಜಾತಿಯನ್ನು ನೇರವಾಗಿ ಯಾರೂ ಕೇಳುವುದಿಲ್ಲ. ಸುತ್ತಿ ಬಳಸಿ ಕೇಳುತ್ತಾರೆ. 'ಮನೆದೇವರು ಯಾವುದು?' 'ಊರಲ್ಲಿ ಮನೆ ಯಾವ ಕಡೆ ಬರುತ್ತೆ?' 'ನಮ್ಮ ಇಂಥವರು ನಿಮಗೆ ಏನಾಗಬೇಕು?' ಕೇಳುವವರು ಸುಮ್ನೆ ಮಾತಿಗೆ ಕೇಳಿದೆ ಅನ್ನಬಹುದು. ಉತ್ತರ ಕೊಡುವವರಿಗೆ ಯಾಕೆ ಅಂತ ಚೆನ್ನಾಗಿ ಗೊತ್ತಿರುತ್ತದೆ. ಆ ಕ್ಷಣದಿಂದ ಅವರು ಅಳೆದು ತೂಗಿ ಮಾತಾಡಲು ಶುರು ಮಾಡುತ್ತಾರೆ. ಆಮೇಲೆ ನೀವು ವರ್ನಿಯರ್ ಬಗ್ಗೆ ಕೇಳಿದರೂ ಅರ್ಧ ಮನಸ್ಸು ಹಿಂದಿನ ಪ್ರಶ್ನೆಯಲ್ಲೇ ಇರುತ್ತದೆ. ನಮ್ಮ ಪ್ಯಾನೆಲ್‌ನಲ್ಲಿ ಮನೆದೇವರ ಪ್ರಶ್ನೆ ಬಂದರೆ ನಾನು ತಕ್ಷಣ 'ಟೀ ಬಂತಾ ನೋಡಿ' ಅಂತ ಮಾತು ತಿರುಗಿಸುತ್ತೇನೆ. ಹಿರಿಯರಿಗೆ ನೇರ ಹೇಳುವ ಧೈರ್ಯ ಇನ್ನೂ ಬಂದಿಲ್ಲ, ಒಪ್ಪಿಕೊಳ್ಳುತ್ತೇನೆ.

ಹೆಜ್ಜೆ 7: ಸಂಬಳ ಮತ್ತು ಖಾಲಿ ಬಿದ್ದ ವರ್ಷಗಳು

ಇದು ಚಿಕ್ಕದು. 'ಹಿಂದೆ ಎಷ್ಟು ಸಂಬಳ?' ಅಂದರೆ ಎಲ್ಲರೂ ಎರಡು-ಮೂರು ಸಾವಿರ ಸೇರಿಸಿ ಹೇಳುತ್ತಾರೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ಈ ಪ್ರಶ್ನೆಯನ್ನೇ ಬೇಡ ಅಂತ 2016ರಲ್ಲಿ ಕಾನೂನು ಮಾಡಿತು. ನಮ್ಮಲ್ಲಿ ಅಂಥ ಒತ್ತಾಯ ಇಲ್ಲದಿದ್ದರೂ ನಾನು ಕೇಳುವುದಿಲ್ಲ. 'ಈ ಕೆಲಸಕ್ಕೆ ಇಷ್ಟರಿಂದ ಇಷ್ಟು' ಅಂತ ಜಾಹೀರಾತಿನಲ್ಲೇ ಹಾಕುತ್ತೇವೆ. ಸುಳ್ಳಿಗೆ ಕೆಲಸವೇ ಇಲ್ಲ.

ಎಲ್ಲಿ, ಎಷ್ಟು ದಿನ ಕೆಲಸ ಮಾಡಿದರು ಅನ್ನುವುದನ್ನೂ ತನಿಖೆಯಂತೆ ಕೇಳಬೇಡಿ. ಪಿಎಫ್‌ಗೆ 2014ರಲ್ಲಿ ಯುಎಎನ್ (ಕೆಲಸ ಬದಲಾದರೂ ಬದಲಾಗದ ಒಂದೇ ಪಿಎಫ್ ನಂಬರ್) ಬಂದ ಮೇಲೆ ಸೇರಿದ ದಿನ, ಬಿಟ್ಟ ದಿನ ಎಲ್ಲ ಸರ್ವಿಸ್ ಹಿಸ್ಟರಿಯಲ್ಲಿ ಕಾಣುತ್ತದೆ. 'ಸೇರುವಾಗ ಯುಎಎನ್ ವಿವರ ತಗೋತೀವಿ, ನಡುವೆ ಕೆಲಸ ಇಲ್ಲದ ತಿಂಗಳು ಇದ್ದರೆ ಪರವಾಗಿಲ್ಲ, ಈಗಲೇ ಹೇಳಿ' ಅಂತ ಮೊದಲೇ ತಿಳಿಸಿ. ಕೋವಿಡ್ ಆದಮೇಲೆ ಖಾಲಿ ಇರದವರು ಯಾರಿದ್ದಾರೆ?

ಹೆಜ್ಜೆ 8: ಮುಖ ಓದುವ ಚಟ ಬಿಡಿ

'ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲಿಲ್ಲ, ಏನೋ ಮುಚ್ಚಿಡ್ತಿದ್ದಾನೆ.' ಇದನ್ನು ಕೇಳಿ ಕೇಳಿ ಸಾಕಾಗಿದೆ. ಪಾವಗಡದ ಹಳ್ಳಿಯಿಂದ ಬೆಳಗಿನ ಬಸ್ ಹತ್ತಿ ಬಂದ ಹುಡುಗಿ ಹಿರಿಯರ ಮುಂದೆ ತಲೆ ತಗ್ಗಿಸಿ ಮಾತಾಡುವುದು ಮನೆಯಲ್ಲಿ ಕಲಿಸಿದ ಮರ್ಯಾದೆ. ಮನೆಯಲ್ಲಿ ತೆಲುಗು ಆಡುವವರಿಗೆ ಕನ್ನಡದಲ್ಲಿ ಒಂದೊಂದು ಪದ ಹುಡುಕಬೇಕಾಗುತ್ತದೆ, ಇಂಗ್ಲಿಷ್‌ನಲ್ಲಿ ಇನ್ನೂ ಕಷ್ಟ. ಆ ತಡವರಿಕೆಯನ್ನು ಕಳ್ಳತನ ಅಂತ ಓದಿದರೆ ತಪ್ಪು ನಮ್ಮದು. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ 2006ರಲ್ಲಿ ಹಳೇ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರು. ಎದುರಿಗಿರುವವರು ಸುಳ್ಳು ಹೇಳುತ್ತಿದ್ದಾರೋ ನಿಜವೋ ಅಂತ ಜನ ಸರಿಯಾಗಿ ಹೇಳಿದ್ದು ಸರಾಸರಿ ಶೇ 54 ಸಲ. ನಾಣ್ಯ ಚಿಮ್ಮಿದರೆ 50.

ಅದರ ಬದಲು ಇದನ್ನು ಮಾಡಿ. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಸಾಲಿನಲ್ಲಿ. ಪ್ರತಿ ಉತ್ತರಕ್ಕೂ ಆಗಲೇ ಅಂಕ. ಪ್ಯಾನೆಲ್‌ನಲ್ಲಿ ಇರುವವರು ಒಬ್ಬರಿಗೊಬ್ಬರು ತೋರಿಸದೆ ಬರೆಯಬೇಕು, ಇಲ್ಲದಿದ್ದರೆ ಯಜಮಾನರು ಹಾಕಿದ ಅಂಕವೇ ಎಲ್ಲರ ಅಂಕ. ಪಾಲ್ ಸ್ಯಾಕೆಟ್ ತಂಡ 2022ರಲ್ಲಿ ಮಾಡಿದ ಲೆಕ್ಕದಲ್ಲಿ, ಹೀಗೆ ಕಟ್ಟುನಿಟ್ಟಾಗಿ ಮಾಡಿದ ಇಂಟರ್‌ವ್ಯೂಗೂ ಸೇರಿದ ಮೇಲೆ ಕೆಲಸ ಎಷ್ಟು ಚೆನ್ನಾಗಿ ಮಾಡುತ್ತಾರೆ ಅನ್ನುವುದಕ್ಕೂ ಇರುವ ಸಂಬಂಧ 0.42. ಮನಸ್ಸಿಗೆ ಬಂದಂತೆ ಹರಟಿದ ಇಂಟರ್‌ವ್ಯೂಗೆ 0.19. ಪೂರ್ತಿ ಹೊಂದಿದರೆ 1 ಅಂತ ಇಟ್ಟುಕೊಳ್ಳಿ. 0.42 ಕೂಡ ಮಹಾ ಏನಲ್ಲ, ಆದರೂ ಎರಡರಷ್ಟು.

ಇನ್ನೊಂದು ಸಣ್ಣ ವಿಷಯ, ಆದರೆ ಬಹಳ ಕೆಲಸ ಮಾಡುತ್ತದೆ. 'ಏನಪ್ಪಾ, ನಿಂದು ಯಾವೂರು?' ಅಂತ ಏಕವಚನದಲ್ಲಿ ಶುರು ಮಾಡಿದರೆ ಆಮೇಲೆ ಬರುವುದೆಲ್ಲ 'ಹೂಂ ಸಾರ್'ಗಳೇ. 'ನೀವು' ಅನ್ನಿ. ಹತ್ತೊಂಬತ್ತು ವರ್ಷದವರಾದರೂ ಅನ್ನಿ. ಮೊದಲ ಸಲ ಒಬ್ಬ ದೊಡ್ಡವರು ತನಗೆ 'ನೀವು' ಅಂದಾಗ ಹುಡುಗರು ಬೆನ್ನು ನೇರ ಮಾಡಿ ಕೂರುವುದನ್ನು ನಾನು ನೋಡಿದ್ದೇನೆ.

ಮೇಜಿನ ಆಚೆ ಕೂರುವವರಿಗೂ ಎರಡು ಮಾತು

ಇದನ್ನು ಓದುತ್ತಿರುವ ನೀವು ಕೆಲಸ ಹುಡುಕುತ್ತಿದ್ದರೆ, 'ತಾನೇ' ಬಾಲದ ಪ್ರಶ್ನೆ ಬಂದಾಗ ಹೌದು-ಇಲ್ಲ ಅನ್ನುವ ಅವಸರ ಬೇಡ. 'ಬರ್ತೀನಿ, ಆದರೆ ಇಂಥ ದಿನ ಈ ಕಷ್ಟ ಇದೆ, ಅದಕ್ಕೆ ಹೀಗೆ ಮಾಡಬಹುದು' ಅಂತ ಒಂದೇ ಉಸಿರಿಗೆ ಹೇಳಿ. ಕಷ್ಟದ ಜೊತೆಗೆ ದಾರಿಯನ್ನೂ ಹೇಳಿದರೆ ಕೇಳುವವರು ಗಾಬರಿಯಾಗುವುದಿಲ್ಲ. ಮನೆ ವಿಷಯ ಕೆದಕಿದರೆ 'ಕೆಲಸಕ್ಕೆ ತೊಂದರೆ ಆಗದ ಹಾಗೆ ನೋಡ್ಕೋತೀನಿ' ಅಂದು ನಿಲ್ಲಿಸಿ. ನನ್ನ ಹಾಗೆ ಲಗ್ನಪತ್ರಿಕೆ ಅಚ್ಚಿಗೆ ಕೊಟ್ಟು 'ಯೋಚನೆನೇ ಇಲ್ಲ' ಅನ್ನಬೇಡಿ, ಅದನ್ನು ಆಮೇಲೆ ಹೊರುವುದು ಕಷ್ಟ.

ಹೆಜ್ಜೆ 9: 'ಫೋನ್ ಮಾಡ್ತೀವಿ' ಅನ್ನುವ ನಮ್ಮ ಸುಳ್ಳು

ಇಂಟರ್‌ವ್ಯೂನಲ್ಲಿ ಅತಿ ಹೆಚ್ಚು ಸಲ ಹೇಳುವ ಸುಳ್ಳು ಅಭ್ಯರ್ಥಿಗಳದ್ದಲ್ಲ, ನಮ್ಮದು. 'ಹೇಳಿ ಕಳಿಸ್ತೀವಿ, ಫೋನ್ ಮಾಡ್ತೀವಿ.' ಮಾಡುವುದಿಲ್ಲ. ಅವರು ಹತ್ತು ದಿನ ರಿಂಗ್ ಆದಾಗೆಲ್ಲ ಓಡಿ ಬರುತ್ತಾರೆ, ಬೇರೆ ಕಡೆ ಕರೆದರೆ 'ಸ್ವಲ್ಪ ತಡೀರಿ' ಅನ್ನುತ್ತಾರೆ.

ನಾವೀಗ ಎದ್ದು ಹೋಗುವ ಮುಂಚೆ ತಾರೀಖು ಬರೆದ ಚೀಟಿ ಕೊಡುತ್ತೇವೆ. 'ಶುಕ್ರವಾರ ಸಂಜೆ 5ರ ಒಳಗೆ ಮೆಸೇಜ್ ಬರುತ್ತೆ, ಆಗಿದ್ದರೂ ಬರುತ್ತೆ, ಆಗದಿದ್ದರೂ ಬರುತ್ತೆ.' ಆಗದವರಿಗೆ ಕನ್ನಡದಲ್ಲಿ ಮೂರು ಸಾಲು: ಈ ಸಲ ಆಗಲಿಲ್ಲ, ಯಾವುದರಲ್ಲಿ ಅಂಕ ಕಡಿಮೆ ಬಂತು, ಮತ್ತೆ ಯಾವಾಗ ಅರ್ಜಿ ಹಾಕಬಹುದು. ಇಪ್ಪತ್ತು ಜನಕ್ಕೆ ಕಳಿಸಲು ನನಗೆ ಅರ್ಧ ಗಂಟೆ ಹಿಡಿಯುತ್ತದೆ.

ಹೋದ ವರ್ಷ ಹೀಗೆ ಮೆಸೇಜ್ ಪಡೆದ ಗುಬ್ಬಿಯ ಹುಡುಗಿಯೊಬ್ಬಳು ಎಂಟು ತಿಂಗಳ ಮೇಲೆ ಮತ್ತೆ ಬಂದಳು. ಕುರ್ಚಿ ಎಳೆದುಕೊಂಡು ಕೂತವಳೇ, ನಾನು ಬಾಯಿ ತೆರೆಯುವ ಮುಂಚೆ, "ಮೇಡಂ, 2ಬಿ ತಾಳೆ ನೋಡೋದು ಈಗ ಬರುತ್ತೆ. ಎಕ್ಸೆಲ್‌ನಲ್ಲಿ ವಿಲುಕಪ್ ಮಾತ್ರ ಇನ್ನೂ ಕೈ ಕೊಡುತ್ತೆ" ಅಂದಳು. ನಾನು ಬಿಲ್ಲುಗಳನ್ನು ಮುಂದಕ್ಕೆ ತಳ್ಳಿದೆ.